ವಿಲ್ಟ್‌ಷೈರಿನಲ್ಲಿ ಮೂರು ರಾತ್ರಿ

ದಕ್ಷಿಣ ಇಂಗ್ಲೆಂಡಿನಲ್ಲಿ ಪುರಾತನ ಶಿಲಾವಲಯಗಳಿಂದ ಹೆಸರುಗೊಂಡ ಸೀಮೆ ವಿಲ್ಟ್‌ಷೈರ್. ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲನ್ನೇರಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಅಲ್ಲಿಯ ಸಾಲ್ಸ್‌ಬರಿ ಪಟ್ಟಣವನ್ನು ಸೇರಬಹುದು. ಬರುವ ಬೇಸಗೆಯಲ್ಲಿ ಎಪ್ಪತ್ತೆರಡು ವರ್ಷದ ನಮ್ಮ ತಾಯಿಯವರೊಡನೆ ಅಲ್ಲಿಗೆ ಹೋಗಬೇಕೆಂದು ನಾವು ನಿಶ್ಚಯಿಸಿದ್ದೇವೆ. ಅವರ ಮೊಣಕಾಲಿನ ನೋವು ವರ್ಷ ವರ್ಷಕ್ಕೂ ಹೆಚ್ಚುತ್ತಿರುವುದರಿಂದ ಈ ಪ್ರಯಾಣವನ್ನು ಇನ್ನು ಮುಂದೂಡುವಂತಿಲ್ಲ. ಆದುದರಿಂದ ಏನನ್ನು ನೋಡಬೇಕೆಂಬುದಕ್ಕಿಂತ ಎಲ್ಲಿ ತಂಗಬೇಕೆಂಬುದೇ ನಮಗೆ ಮೊದಲ ಪ್ರಶ್ನೆಯಾಯಿತು.

ನಮ್ಮ ಮನಸ್ಸನ್ನು ಮೊದಲು ಸೆಳೆದುದು ಲೇಕಾಕ್ ಎಂಬ ಹಳ್ಳಿ. ೧೯೪೪ರಿಂದ ಅದರ ಬಹುಭಾಗವು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ರಕ್ಷಣೆಯಲ್ಲಿದೆ. ಅಲ್ಲಿಯ ಹಳೆಯ ಮಠದ ಕಿಟಕಿಯೊಂದನ್ನು ಫಾಕ್ಸ್ ಟಾಲ್ಬಟ್ ಎಂಬವರು ೧೮೩೫ರಲ್ಲಿ ಛಾಯಾಚಿತ್ರವಾಗಿ ತೆಗೆದರು. ಈಗ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಇಂತಹ ಊರಿನ ಪ್ರಾಚೀನ ವಸತಿಗೃಹದಲ್ಲಿ ಮಲಗುವುದು ಸೊಗಸೇ ಸರಿ. ಆದರೆ ಆ ಕಟ್ಟಡಗಳ ತೊಲೆಗಳು ತಗ್ಗು, ಮೆಟ್ಟಿಲುಗಳು ಕಡಿದು. ಪುರಾತನ ಕಟ್ಟಡಗಳನ್ನು ಅನುಮತಿಯಿಲ್ಲದೆ ಮಾರ್ಪಡಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲವಾದ್ದರಿಂದ ಅನೇಕ ಕಡೆಗಳಲ್ಲಿ ಲಿಫ್ಟ್ ಇರುವುದಿಲ್ಲ.

ಹೀಗಾಗಿ ಮೂರು ರಾತ್ರಿಯೂ ಸಾಲ್ಸ್‌ಬರಿಯಲ್ಲಿಯೇ ಇರುವುದೆಂದು ತೀರ್ಮಾನವಾಯಿತು. ಒಂದು ದಿನ ಅಲ್ಲಿಯ ಮಹಾ ಇಗರ್ಜಿಗೆ ಮೀಸಲು. ೧೨೨೦ರಲ್ಲಿ ಕಟ್ಟಲಾರಂಭಿಸಿ ೧೨೫೮ರಲ್ಲಿ ಪ್ರತಿಷ್ಠೆಗೊಂಡ ಈ ಮಂದಿರದ ಶಿಖರವು ೪೦೪ ಅಡಿ ಎತ್ತರವಾಗಿದ್ದು, ಇಂಗ್ಲೆಂಡಿನ ಇಗರ್ಜಿಗಳಲ್ಲೆಲ್ಲ ಉನ್ನತವಾದುದು. ಗೋಪುರವನ್ನೇರಲು ೩೩೨ ಮೆಟ್ಟಿಲುಗಳಿವೆ. ತಾಯಿಯವರಿಗೆ ಅದು ಬೇಡ. ೧೨೧೫ರ ಮ್ಯಾಗ್ನಾ ಕಾರ್ಟಾ ಶಾಸನದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು ಅಲ್ಲಿಯೇ ಇದೆ. ಅದನ್ನು ಅವರು ಗೋಪುರ ಹತ್ತದೆಯೇ ನೋಡಬಹುದು. ಎರಡನೆಯ ದಿನ ಬಸ್ಸಿನಲ್ಲಿ ಸ್ಟೋನ್‌ಹೆಂಜಿಗೆ. ಸಾಮಾನ್ಯ ವೇಳೆಯಲ್ಲಿ ಅಲ್ಲಿಯ ಕಲ್ಲುಗಳನ್ನು ದೂರದ ಕಾಲುದಾರಿಯಿಂದ ಮಾತ್ರ ನೋಡಬೇಕು. ಉತ್ತರದ ಏವ್‌ಬರಿಯಲ್ಲಿಯೋ ಹಳ್ಳಿಯೇ ಶಿಲಾವಲಯದೊಳಗಿದೆ, ಕಲ್ಲನ್ನು ಕೈಯಿಂದ ಮುಟ್ಟಬಹುದು. ತಾಯಿಯವರ ಆಸೆಯೂ ಅದೇ. ಮೂರನೆಯ ದಿನ ಬಾಡಿಗೆಯ ಕಾರಿನಲ್ಲಿ ಅದನ್ನೂ ಲೇಕಾಕನ್ನೂ ನೋಡಿಬರುವೆವು.

ಹೀಗೆ ಹೊರಡುವ ಗೃಹಸ್ಥರು ಕೋಣೆಯನ್ನು ಗೊತ್ತುಮಾಡುವ ಮುನ್ನ ಕೆಲವು ಸಂಗತಿಗಳನ್ನು ಬರೆದು ಕೇಳುವುದೊಳ್ಳೆಯದು: ಕೋಣೆ ಎಷ್ಟನೆಯ ಅಂತಸ್ತಿನಲ್ಲಿದೆ? ಲಿಫ್ಟ್ ಉಂಟೆ? ಬೆಳಗಿನ ಉಪಾಹಾರವು ಬಾಡಿಗೆಯಲ್ಲಿ ಸೇರಿದೆಯೆ? ಶಾಕಾಹಾರ ದೊರೆಯುವುದೆ? ರಾತ್ರಿ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುವುದು? ಜೂನ್ ತಿಂಗಳಲ್ಲಿ ಸೂರ್ಯನು ರಾತ್ರಿ ಒಂಬತ್ತು ಕಳೆದ ಮೇಲೆ ಮುಳುಗುವನಾದ್ದರಿಂದ, ಬೆಳಕನ್ನು ನಂಬಿ ತಿರುಗುತ್ತಿದ್ದವರು ಉಪವಾಸ ಮಲಗಬೇಕಾದೀತು. ಅದೇ ತಿಂಗಳ ೨೧ರ ಸುಮಾರಿಗೆ ಸೂರ್ಯೋದಯವನ್ನು ನೋಡಲು ಸ್ಟೋನ್‌ಹೆಂಜಿನಲ್ಲಿ ಸಾವಿರಾರು ಜನರು ನೆರೆಯುವರು. ನೆಮ್ಮದಿ ಬೇಕಾದವರು ಆ ದಿನಗಳನ್ನು ಬಿಡುವುದು ಲೇಸು.

ನೋಡದೆ ಬಿಟ್ಟ ಸ್ಥಳಗಳು ಇನ್ನೂ ಬಹಳವಿರುವುವು. ಆದರೆ ಹಿರಿಯರೊಡನೆ ಹೊರಟವರು ಅವರ ಕಾಲಿನ ಅಳತೆಗೆ ತಕ್ಕಂತೆ ದಾರಿಯನ್ನು ಹಾಕಿಕೊಂಡರೆ, ಕಂಡಷ್ಟನ್ನಾದರೂ ಎಲ್ಲರೂ ಒಟ್ಟಾಗಿ ಕಂಡಂತಾಗುವುದು.