ಹೊರಗಿನ ಕಾರ್ಡಿಗೊಂದು ಪರದೆ

ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸಿದ ಗ್ರಾಫಿಕ್ಸ್ ಕಾರ್ಡಿನ ಪೂರ್ಣ ಫಲ ಸಿಗುವುದು ಮಾನಿಟರನ್ನು ನೇರವಾಗಿ ಆ ಕಾರ್ಡಿಗೇ ಸಿಕ್ಕಿಸಿದಾಗ. ಲ್ಯಾಪ್‌ಟಾಪನ್ನೂ ಕಾರ್ಡನ್ನೂ ಬೆಸೆಯುವ ಥಂಡರ್‌ಬೋಲ್ಟ್ 3ರ ಕೇಬಲ್ ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುತ್ತದೆ, ಅದರಲ್ಲೂ ಕಾರ್ಡಿನ ಪಾಲಿಗೆ ಸಿಗುವುದು ಒಂದು ಭಾಗ ಮಾತ್ರ. ಚಿತ್ರ ಲ್ಯಾಪ್‌ಟಾಪಿನ ಪರದೆಗೇ ಮರಳಬೇಕಾದರೆ ಕೊಡಗಿನ ಕುಟ್ಟದಿಂದ ಕೇರಳದ ತೋಲ್ಪೆಟ್ಟಿಗೆ ಹೋಗುವ ಕಾಡುದಾರಿಯಂತೆ ಒಂದೇ ಹಾದಿಯಲ್ಲಿ ಹೋಗುವವರೂ ಬರುವವರೂ ಸೇರಿ ವೇಗ ತಗ್ಗುತ್ತದೆ.

ಪ್ರತಿ ಫ್ರೇಮಿಗೂ ಆದೇಶಗಳು ಈ ಕೇಬಲ್ಲಿನಲ್ಲೇ ಹೋಗಬೇಕು. ಆದ್ದರಿಂದ 144 ಹರ್ಟ್ಸ್‌ನ 1080ಪಿ ಪರದೆಗಿಂತ 60 ಹರ್ಟ್ಸ್‌ನ 4ಕೆ ಪರದೆ ಈ ಜೋಡಣೆಗೆ ಹೆಚ್ಚು ಒಗ್ಗುತ್ತದೆ: ಅಲ್ಲಿ ದುಡಿಮೆಯ ಭಾರ ಕಾರ್ಡಿನ ಮೇಲೆ ಬೀಳುತ್ತದೆ, ಕೇಬಲ್ಲಿನ ಮೇಲಲ್ಲ. ಎಚ್‌ಡಿಎಂಐ 2.0 ಪೋರ್ಟಿಗೆ 4ಕೆ 60 ಹರ್ಟ್ಸೇ ಮಿತಿ, ಡಿಸ್‌ಪ್ಲೇಪೋರ್ಟ್ 1.4 ಆದರೆ 120ಕ್ಕೆ ಏರುತ್ತದೆ. ಬಣ್ಣ, ಸ್ಟ್ಯಾಂಡು ಇತ್ಯಾದಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಆ ಪರದೆಯಲ್ಲಿ ಒತ್ತಕ್ಷರ ಹೇಗೆ ಕಾಣುತ್ತದೆ? ‘ರಾಷ್ಟ್ರ’ ಎಂಬಲ್ಲಿ ಷಕಾರದ ಕೆಳಗೆ ಟಕಾರ, ಅದರ ಮಗ್ಗುಲಲ್ಲಿ ರಕಾರದ ಒತ್ತು ಕೂರಬೇಕು. 24 ಇಂಚಿನ 1080ಪಿ ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕಿ. ಸಣ್ಣ ಅಕ್ಷರದಲ್ಲಿ ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಚುಕ್ಕಿ, ಒಂದೊಂದು ಒತ್ತೂ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡ ಬೆರಳಚ್ಚನ್ನು ಹಗುರಗೊಳಿಸಿತು. ಓದುವ ಕಣ್ಣಿಗೂ ಅಂಥದೇ ಉಪಕಾರ ಆಗಬೇಕಾದರೆ ಅದು ಪರದೆಯಿಂದಲೇ ಆಗಬೇಕು. ಆಟದ ಹೆಸರಿನಲ್ಲಿ ಕೊಂಡ ಮಾನಿಟರಿನಲ್ಲೇ ತೋಟದ ಲೆಕ್ಕ, ಮಕ್ಕಳ ಪಾಠ, ಪತ್ರಿಕೆ ಎಲ್ಲವೂ ತೆರೆದುಕೊಳ್ಳುತ್ತವೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಕನ್ನಡ ಪುಟವನ್ನು ತೆರೆಸಿ, ಕೂರುವಷ್ಟೇ ದೂರದಿಂದ ಓದಿ ನೋಡುವುದು ನ್ಯಾಯ. ವಿಂಡೋಸ್‌ನಲ್ಲಿ ಅಕ್ಷರದ ಅಳತೆಯನ್ನು ಶೇ. 150ಕ್ಕೆ ಏರಿಸಿದರೆ 4ಕೆಯ ನಯವೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಕುಟ್ಟದಂಥ ಊರಲ್ಲಿ ಮಳೆಗಾಲವೂ ಲೆಕ್ಕಕ್ಕೆ ಬರುತ್ತದೆ. ತೋಟದ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಕಾರ್ಡು ಕೂತಿರುವ ಪೆಟ್ಟಿಗೆಗೂ ಮಾನಿಟರಿಗೂ ಇಲ್ಲ. ಕಾರ್ಡು ಹಠಾತ್ತನೆ ಮಾಯವಾದರೆ ತೆರೆದಿದ್ದ ಕೆಲಸ ಕೆಡುತ್ತದೆ. 27 ಇಂಚಿನ ಪರದೆ ಸಾಮಾನ್ಯವಾಗಿ 30–40 ವಾಟ್ ತಿಂದರೆ ಕಾರ್ಡು ಒಂದೇ 200 ವಾಟ್ ದಾಟಬಲ್ಲದು. 360 ವಾಟ್‌ನ ಸಣ್ಣ ಯುಪಿಎಸ್ ಇವೆರಡನ್ನೂ ಕಡತ ಉಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಿಸೀತು. ಮನೆಯ ಇನ್ವರ್ಟರಿಗೇ ಜೋಡಿಸುವವರು ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿ ಇಡಬೇಕು. ಆಗ ಲೈನಿನಿಂದ ಬ್ಯಾಟರಿಗೆ ಹೊರಳುವ ಅಂತರ ಕಿರಿದಾಗಿ, ಪೆಟ್ಟಿಗೆ ಆರಿಹೋಗುವ ಸಂಭವ ಕಡಿಮೆ.