ಕೊಟ್ಟದ್ದೇನು, ಬಂದದ್ದೇನು?

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರುವ ಮಕ್ಕಳ ಸಂಕಟ ನಮ್ಮ ಅನೇಕ ಮನೆಗಳಿಗೆ ಪರಿಚಿತವಾದುದು. ತುಮಕೂರಿನ ಶಿರಾ ಗೇಟಿನಲ್ಲಿರುವ ನಮ್ಮ ಮನೆಯಲ್ಲಿದ್ದು ಓದುತ್ತಿರುವ ತಂಗಿಯ ಮಗಳು, ಕಾಲೇಜು ಸೇರಿದ ಎರಡೇ ತಿಂಗಳಿಗೆ ‘ಗಣಿತ ಬೇಡ, ಕಲಾ ವಿಭಾಗಕ್ಕೆ ಹೋಗುತ್ತೇನೆ’ ಎಂದು ಹಠ ಹಿಡಿದಳು. ವಿಚಾರಿಸಲಾಗಿ, ಎಡವಿದ್ದು ಒಂದೇ ಕಲ್ಲಿಗೆಂದು ತಿಳಿಯಿತು. ‘ಎಫ್’ ಬರೆದು ಆವರಣದೊಳಗೆ ‘ಎಕ್ಸ್’ ಬರೆದರೆ ಅದನ್ನು ಆಕೆ ಗುಣಾಕಾರವೆಂದು ಭಾವಿಸಿದ್ದಳು. ಅಕ್ಷರದ ಮಗ್ಗುಲಲ್ಲಿ ಆವರಣ ಬಂದರೆ ಗುಣಿಸಬೇಕೆಂದೇ ಅದುವರೆಗೆ ಕಲಿತ ಮಗುವಿಗೆ ಬೇರೇನು ತೋಚೀತು? ಆಯ್ಲರ್ ಎಂಬ ಗಣಿತಜ್ಞ 1734ರಲ್ಲಿ ಬಳಸಿದ ಈ ಬರಹದಲ್ಲಿ ‘ಎಫ್’ ಸಂಖ್ಯೆಯಲ್ಲ, ಒಂದು ನಿಯಮದ ಹೆಸರು. ಆವರಣದೊಳಗಿರುವುದು ಆ ನಿಯಮಕ್ಕೆ ನಾವು ಕೊಡುವ ಸಂಖ್ಯೆ. ‘ಇಮ್ಮಡಿಸಿ 3 ಕೂಡು’ ಎಂಬುದು ನಿಯಮವಾದರೆ, 4 ಕೊಟ್ಟಾಗ 11 ಬರುತ್ತದೆ. ಇದನ್ನೇ ಕನ್ನಡದಲ್ಲಿ ‘ಫಲನ’ ಎನ್ನುವರು.

ಪಾಠ ಹೇಳುವವರು ಹಿಟ್ಟಿನ ಗಿರಣಿಯ ಹೋಲಿಕೆ ಕೊಡುವುದುಂಟು. ರಾಗಿ ಹಾಕಿದರೆ ರಾಗಿ ಹಿಟ್ಟು, ಗೋಧಿ ಹಾಕಿದರೆ ಗೋಧಿ ಹಿಟ್ಟು. ಆದರೆ ನಮ್ಮ ಗೃಹಿಣಿಯರು ಇದನ್ನು ಒಪ್ಪಲಾರರು. ಮೆಣಸಿನಕಾಯಿ ಬೀಸಿದ ಬೆನ್ನಿಗೇ ರಾಗಿ ಬೀಸಿಸಿಕೊಂಡರೆ ಮುದ್ದೆಯ ರುಚಿ ಏನಾದೀತೆಂದು ಅವರು ಬಲ್ಲರು! ಫಲನಕ್ಕೆ ಅಂಥ ನೆನಪಿಲ್ಲ. ಹಿಂದೆ ಯಾವ ಸಂಖ್ಯೆ ಕೊಟ್ಟಿದ್ದರೂ, 4ಕ್ಕೆ ಬರುವುದು 11 ಮಾತ್ರ.

ಆದುದರಿಂದ ನಾನು ಆಟೋ ಬಾಡಿಗೆಯನ್ನು ಆರಿಸಿಕೊಂಡೆ. ಮೊದಲ 2 ಕಿಲೋಮೀಟರಿಗೆ ಒಟ್ಟು 30 ರೂಪಾಯಿ, ಅನಂತರ ಕಿಲೋಮೀಟರಿಗೆ 15 ಎಂದಿಟ್ಟುಕೊಳ್ಳೋಣ. 1 ಕಿಲೋಮೀಟರಿಗೂ 30, 2ಕ್ಕೂ 30, 4ಕ್ಕೆ 60. ಬೇರೆ ಬೇರೆ ದೂರಕ್ಕೆ ಒಂದೇ ಬಾಡಿಗೆ ಬಂದರೆ ದೋಷವಿಲ್ಲ. ಒಂದೇ ದೂರಕ್ಕೆ ಎರಡು ಬಾಡಿಗೆ ಬರಕೂಡದು. ‘ಮಳೆ ಬಂದರೆ ಹೆಚ್ಚು ಕೇಳುತ್ತಾರಲ್ಲ?’ ಎಂದಳು. ಹಾಗಾದರೆ ಅದು ದೂರವೊಂದರ ಫಲನವಲ್ಲ, ದೂರ ಮತ್ತು ಮಳೆ ಎರಡರ ಫಲನ ಎಂದೆ. ಅಂದೇ ಅವಳು ಮೊದಲ ಬಾರಿಗೆ ನಕ್ಕದ್ದು.

ಇನ್ನೊಂದು ಮಾತು. ಏನನ್ನು ಬೇಕಾದರೂ ಒಳಗೆ ಕೊಡುವಂತಿಲ್ಲ. ಆಟೋ ಋಣ 3 ಕಿಲೋಮೀಟರ್ ಓಡದು. 0ಯಿಂದ ಭಾಗಿಸುವ ನಿಯಮವೂ ಇರದು. ಇದು ಹಿರಿಯರನ್ನೂ ಕಾಡಿದ ಪ್ರಶ್ನೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದು ಭಾವಿಸಿದ್ದರು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ; ಅಂಥ ಭಾಗಾಕಾರಕ್ಕೆ ಉತ್ತರವೇ ಇಲ್ಲವೆನ್ನುತ್ತದೆ.

ಮರುದಿನ ಬೆಳಿಗ್ಗೆ ಹುಡುಗಿಯೇ ಕೇಳಿದಳು: ‘60 ರೂಪಾಯಿ ಕೊಟ್ಟವರು 4 ಕಿಲೋಮೀಟರ್ ಹೋದರೆಂದು ಹೇಳಬಹುದು. 30 ಕೊಟ್ಟವರು ಎಷ್ಟು ಹೋದರೆಂದು ಹೇಳಲಾಗದಲ್ಲ?’ ಅದು ವಿಲೋಮ ಫಲನದ ಪ್ರಶ್ನೆ. ಅವಳ ಪಾಠ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕಲಾ ವಿಭಾಗದ ಮಾತನ್ನು ಆಕೆ ಅನಂತರ ಎತ್ತಿಲ್ಲ.