ಹಳ್ಳಿ ದಾರಿಗೆ ಬರೋ ಹೊಸ ಮನೆಗಳು

ಕೇಂಬ್ರಿಡ್ಜ್‌ಗೆ ಓದೋಕೆ ಹೋಗ್ತೀನಿ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ನದಿ, ದೋಣಿ, ಹಳೇ ಕಾಲೇಜುಗಳ ಬಗ್ಗೆ. ಬಾಡಿಗೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಈ ವರ್ಷ ಹೊಸದಾಗಿ ಬಂದಿರೋ ಗೆಳೆಯರಿಗೆ ನಾನು ಮೊದಲು ಹೇಳೋದೇ ಅದನ್ನ. ಪಟ್ಟಣದೊಳಗೆ ಬಾಡಿಗೆ ಕಟ್ಟೋಕೆ ಆಗದೆ ಎರಡನೇ ವರ್ಷ ನಾನು ಉತ್ತರಕ್ಕಿರೋ ಒಂದು ಹಳ್ಳಿಗೆ ಬಂದೆ. ಒಂದು ಚರ್ಚು, ಒಂದು ಪಬ್ಬು, ಒಂದು ಪ್ರೈಮರಿ ಶಾಲೆ, ಗಂಟೆಗೊಂದು ಬಸ್ಸು. ಬಸ್ಸಿಳಿದು ಮನೆಗೆ ಹದಿನೈದು ನಿಮಿಷ ನಡೀಬೇಕು. ಅದರಲ್ಲಿ ಅರ್ಧ ದಾರಿಗೆ ಫುಟ್‌ಪಾತೇ ಇಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಕಾರು ಬಂದರೆ ಬೇಲಿಗೆ ಒತ್ತಿಕೊಂಡು ನಿಲ್ಲೋದು, ಅದು ಹೋದ ಮೇಲೆ ಮುಂದೆ ಹೋಗೋದು.

ಕಳೆದ ಚಳಿಗಾಲದಲ್ಲಿ ಅದೇ ದಾರಿಯ ದೀಪದ ಕಂಬಕ್ಕೆ ಒಂದು ನೋಟಿಸು ಕಟ್ಟಿದ್ರು. ಪಕ್ಕದ ಹೊಲದಲ್ಲಿ ನೂರಕ್ಕೂ ಹೆಚ್ಚು ಮನೆ ಕಟ್ಟೋಕೆ ಅರ್ಜಿ ಬಂದಿದೆ, ಅಭಿಪ್ರಾಯ ಕೊಡೋಕೆ 21 ದಿನ ಇದೆ ಅಂತ. ಒಂದೇ ವಾರದಲ್ಲಿ ಊರಿನ ಹಾಲ್‌ನಲ್ಲಿ ಸಭೆ. ನಮ್ಮ ಮನೆ ಒಡತಿ ಹೊರಟಿದ್ರು, ನಾನೂ ಜೊತೆಗೆ ಹೋದೆ.

ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ರು. ಮಾತಾಡಿದ್ದೆಲ್ಲ ರಸ್ತೆಯ ಬಗ್ಗೆನೇ. ಶಾಲೆ ಬಿಡೋ ಹೊತ್ತಿಗೆ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಊರಾಚೆ ಅದೇ ಕಿರುದಾರಿಯಲ್ಲಿ ಗಂಟೆಗೆ 60 ಮೈಲಿವರೆಗೂ ಓಡಿಸಬಹುದು. ಡಾಕ್ಟರ ಅಪಾಯಿಂಟ್‌ಮೆಂಟ್ ಈಗಲೇ ಸಿಗ್ತಿಲ್ಲ. ಒಬ್ಬ ಅಜ್ಜ ಎದ್ದು, ಕಿಟಕಿಯಿಂದ ಕಾಣೋ ಹೊಲ ಹೋಗಿಬಿಡುತ್ತೆ ಅಂದ್ರು. ಅಧ್ಯಕ್ಷರು ಮೆಲ್ಲಗೆ, ಯೋಜನಾ ಕಾನೂನಿನಲ್ಲಿ ನೋಟ ಲೆಕ್ಕಕ್ಕೆ ಬರಲ್ಲ, ಮನೆಯ ಬೆಲೆ ಇಳಿಯುತ್ತೆ ಅನ್ನೋದೂ ಬರಲ್ಲ ಅಂತ ವಿವರಿಸಿದ್ರು. ಬೆಳಕು, ಸದ್ದು, ನೆರೆನೀರು, ರಸ್ತೆ ಸುರಕ್ಷತೆ ಇವೆಲ್ಲ ಲೆಕ್ಕಕ್ಕೆ ಬರುತ್ತೆ. ಆದರೂ ರಸ್ತೆಯ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಕಾದರೆ ಸುರಕ್ಷತೆಗೆ ಒಪ್ಪಲಾಗದ ಧಕ್ಕೆ ಆಗಬೇಕು, ಇಲ್ಲವೇ ಸಂಚಾರದ ಮೇಲಿನ ಪರಿಣಾಮ 'ತೀವ್ರ' ಆಗಿರಬೇಕು ಅಂತ ರಾಷ್ಟ್ರೀಯ ಯೋಜನಾ ನೀತಿ ಹೇಳುತ್ತೆ. ತೀವ್ರ ಅಂದ್ರೆ ಎಷ್ಟು ಅನ್ನೋದರ ಮೇಲೇ ಅರ್ಧ ಗಂಟೆ ಚರ್ಚೆ ಆಯ್ತು. ಪ್ಯಾರಿಷ್ ಕೌನ್ಸಿಲ್ ಕೂಡ ಅಭಿಪ್ರಾಯ ಕೊಡಬಹುದು ಅಷ್ಟೆ. ತೀರ್ಮಾನ ಅದರ ಮೇಲಿರೋ ಕೌನ್ಸಿಲ್‌ದು.

ನಾನು ಹಿಂದಿನ ಸಾಲಿನಲ್ಲಿ ಕೂತು ಚಡಪಡಿಸ್ತಿದ್ದೆ. ಅವರ ಮಾತು ನಿಜ, ಆ ದಾರಿಯಲ್ಲಿ ದಿನಾ ನಡೆಯೋಳು ನಾನೇ. ಆದರೆ ಮನೆ ಸಾಲದೆ ತಾನೇ ನಾನು ಪಟ್ಟಣ ಬಿಟ್ಟು ಇಲ್ಲಿಗೆ ಬಂದಿದ್ದು? ಈ ಸರ್ಕಾರ ತನ್ನ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ 15 ಲಕ್ಷ ಮನೆ ಕಟ್ಟಿಸ್ತೀನಿ ಅಂದಿದೆ. ಅವು ಯಾವುದೋ ಹೊಲದಲ್ಲೇ ತಾನೇ ಏಳಬೇಕು? ಸಭೆಯಲ್ಲಿ ಕೈಯೆತ್ತಿದ ಹೆಚ್ಚಿನವರಿಗೆ ಸ್ವಂತ ಮನೆ ಇತ್ತು. ಬಾಡಿಗೆಯವರು ನಾನೂ ಇನ್ನೊಬ್ಬ ನರ್ಸೂ ಇಬ್ಬರೇ ಇದ್ವೇನೋ.

ಆ ವಾರದ ಕೊನೆಗೆ ಸೈಕಲ್ ಹತ್ತಿ ನಾರ್ತ್‌ಸ್ಟೋ ನೋಡೋಕೆ ಹೋದೆ. ಲಾಂಗ್‌ಸ್ಟಾಂಟನ್ ಮತ್ತು ಓಕಿಂಗ್ಟನ್ ಹಳ್ಳಿಗಳ ನಡುವೆ, ಹಳೇ ವಾಯುಪಡೆ ನೆಲೆಯ ಜಾಗದಲ್ಲಿ, 10,000 ಮನೆಗಳಿಗೆ ಅಂತ ಯೋಜಿಸಿದ ಊರು. ಮೊದಲ ನಿವಾಸಿಗಳು ಬಂದಿದ್ದು 2017ರಲ್ಲಿ. ಅಲ್ಲಿ ಮನೆಗಳು ಎದ್ದು ವರ್ಷಗಳು ಕಳೆದರೂ ಒಂದು ಅಂಗಡಿ, ಒಂದು ಡಾಕ್ಟರ ಕ್ಲಿನಿಕ್ ಇಲ್ಲ ಅಂತ ಪತ್ರಿಕೆಗಳಲ್ಲೆಲ್ಲ ಬಂತು. ಆಗ ಹಾಲು ಬೇಕಂದ್ರೂ ಊರಾಚೆ ಹೋಗಬೇಕಿತ್ತು, ಅದಕ್ಕೆ ಕಾರು ತೆಗೀಬೇಕಿತ್ತು. ಆದರೆ ಒಂದನ್ನ ಮೊದಲೇ ಮಾಡಿದ್ರು: 2011ರಲ್ಲಿ ಶುರುವಾದ, ಬಸ್ಸಿಗೆ ಮಾತ್ರ ಮೀಸಲಾದ ಗೈಡೆಡ್ ಬಸ್‌ವೇ ಹತ್ತಿರದಲ್ಲೇ ಹಾದುಹೋಗುತ್ತೆ, ಪಕ್ಕದಲ್ಲಿ ಸೈಕಲ್ ದಾರಿಯೂ ಇದೆ. ಅದಿಲ್ಲದೆ ಹೋಗಿದ್ದರೆ ಅಲ್ಲಿನವರೆಲ್ಲ ಕಾರಿನಲ್ಲೇ ರಸ್ತೆಗಿಳೀತಿದ್ರು. ಮನೆ ಬರೋದಕ್ಕಿಂತ ಯಾವುದು ಮೊದಲು ಬರುತ್ತೆ ಅನ್ನೋದೇ ದೊಡ್ಡ ಪ್ರಶ್ನೆ ಅಂತ ನನಗೆ ಅನ್ನಿಸ್ತು.

ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ನಮ್ಮೂರು ದೊಡ್ಡಬಳ್ಳಾಪುರದ ಹತ್ತಿರ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ದ್ರಾಕ್ಷಿ ತೋಟದ ಪಕ್ಕದಲ್ಲೇ ಲೇಔಟ್ ಕಲ್ಲುಗಳು ಬಂದವು, ಟಿಪ್ಪರ್‌ಗಳು ಬಂದವು. "ಅಲ್ಲ ಕಣಮ್ಮ, ಹೊಲ ಮಾರೋನಿಗೆ ಕಾಸು ಬಂತು ಸರಿ, ಪಕ್ಕದೋನಿಗೂ ಕಾಗದ ಕಟ್ಟಿ ಕೇಳ್ತಾರಾ ಅಲ್ಲಿ?" ಅಂದ್ರು. ಕೇಳ್ತಾರಪ್ಪ, ಆದರೆ ಕೇಳಿದ್ದನ್ನೆಲ್ಲ ಮಾಡಲ್ಲ ಅಂದೆ. "ಕೇಳೋದೇ ದೊಡ್ಡದು ಬಿಡು" ಅಂತ ನಕ್ಕರು. ನಮ್ಮ ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ತಮ್ಮ ಮಾತು ಕೇಳಿಸೋಕೆ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯ್ತು. 1,777 ಎಕರೆ ಸ್ವಾಧೀನ ಕೈಬಿಡ್ತೀವಿ ಅಂತ ಸರ್ಕಾರ ಹೇಳಿದ್ದು 2025ರ ಜುಲೈನಲ್ಲಿ. ಅವರ ಮುಂದಿದ್ದದ್ದು ಟ್ರಾಫಿಕ್ ಅಲ್ಲ, ಅನ್ನ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ. ಆದರೂ 21 ದಿನದ ಆ ಕಾಗದದ ಬೆಲೆ ನನಗೆ ಗೊತ್ತಾಗಿದ್ದು ಅಪ್ಪನ ಪ್ರಶ್ನೆಯಿಂದಲೇ.

ಕೊನೆಗೆ ನಾನೂ ಒಂದು ಪತ್ರ ಬರೆದೆ. ಮನೆ ಬೇಡ ಅಂತ ಬರೀಲಿಲ್ಲ. ಬಾಡಿಗೆಗೆ ಸಿಗೋ, ಕೈಗೆಟುಕೋ ಮನೆಗಳೂ ಅದರಲ್ಲಿ ಇರಲಿ. ಮೊದಲ ಮನೆಗೆ ಜನ ಬರೋ ಮುಂಚೆ ಬಸ್ ನಿಲ್ದಾಣದವರೆಗೆ ಫುಟ್‌ಪಾತು, ದೀಪ ಆಗಲಿ. ಸಂಜೆ ಬಸ್ಸು ಹೆಚ್ಚಲಿ ಅಂತ ಕೇಳಿದೆ. ಇಂಥ ಷರತ್ತನ್ನ ಇಲ್ಲಿ ಸೆಕ್ಷನ್ 106 ಒಪ್ಪಂದದಲ್ಲಿ ಬರೆಸಬಹುದು, ಇಷ್ಟನೇ ಮನೆಗೆ ಮುಂಚೆ ಇದು ಆಗಲೇಬೇಕು ಅಂತ. ಮನೆ ಒಡತಿಗೆ ತೋರಿಸಿದೆ. ಅವರು ಬರೆದದ್ದು ಪೂರ್ತಿ ವಿರೋಧ. ನನ್ನದನ್ನ ಓದಿ, ಫುಟ್‌ಪಾತಿನ ಸಾಲನ್ನ ತಮ್ಮ ಪತ್ರಕ್ಕೂ ಸೇರಿಸಿಕೊಂಡ್ರು. ತೀರ್ಮಾನ ಇನ್ನೂ ಬಂದಿಲ್ಲ.

ಬಾಡಿಗೆಯವರು ನಾವು, ವೀಸಾ ಮುಗಿದರೆ ಹೊರಡೋರು, ನಮಗ್ಯಾಕೆ ಅಂತ ನಮ್ಮಲ್ಲಿ ಹಲವರು ಅಂದ್ಕೋತೀವಿ. ಆದರೆ ಇಂಥ ಅರ್ಜಿಗೆ ಅಭಿಪ್ರಾಯ ಬರೆಯೋಕೆ ಪೌರತ್ವ ಬೇಕಿಲ್ಲ. ಅಷ್ಟೇ ಅಲ್ಲ, ಕಾಮನ್‌ವೆಲ್ತ್ ದೇಶದವರಾದ್ದರಿಂದ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರೋ ಭಾರತೀಯ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿಕೊಂಡರೆ ಸ್ಥಳೀಯ ಚುನಾವಣೆಯಲ್ಲಿ ಓಟೂ ಹಾಕಬಹುದು. ಇನ್ನು ಮುಂದೆ ನಿಮ್ಮ ಬೀದಿಯ ಕಂಬದಲ್ಲಿ ನೋಟಿಸು ಕಂಡರೆ ನಿಂತು ಓದಿ. ನಾವು ಹೋದ ಮೇಲೆ ನಮ್ಮ ರೂಮಿಗೆ ಇನ್ಯಾರೋ ಬರ್ತಾರೆ. ಕತ್ತಲಲ್ಲಿ ಬಸ್ಸಿಳಿದು ಅದೇ ದಾರಿಯಲ್ಲಿ ನಡೆಯೋರು ಅವರು.